ಇಪ್ಪತ್ತೈದಕ್ಕೇ ಸೊಂಟನೋವು: ನಾನು ನೋಡುವ ಬಗೆ

ಫಿಸಿಯೋಥೆರಪಿಗೆ ಬರುವ ಹುಡುಗ ಹುಡುಗಿಯರ ಕೈಯಲ್ಲಿ ಈಗೀಗ ಎಂಆರ್‌ಐ ಲಕೋಟೆ ಇದ್ದೇ ಇರುತ್ತದೆ. ‘ಎಲ್‌4-ಎಲ್‌5 ಡಿಸ್ಕ್ ಬಲ್ಜ್’ (ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಎಂಬ ಸಾಲಿಗೆ ಗೆರೆ ಬೇರೆ ಎಳೆದಿರುತ್ತಾರೆ. ಲಕೋಟೆ ಪಕ್ಕಕ್ಕಿಟ್ಟು ನಾನು ಮೊದಲು ಕೇಳುವುದು, ಬೆಳಗ್ಗೆ ಎದ್ದಾಗ ಬೆನ್ನು ಹೇಗಿರುತ್ತದೆ ಅಂತ.

ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮರಗಟ್ಟಿರುತ್ತದೆ, ಓಡಾಡಿದರೆ ಸಡಿಲ, ಮಲಗಿದರೆ ಮತ್ತೆ ಬಿಗಿತ, ಬೆಳಗಿನ ಜಾವ ನೋವಿಗೇ ಎಚ್ಚರ, ಮೂರು ತಿಂಗಳಾಯಿತು ಎಂದರೆ ಅದು ಕುರ್ಚಿಯ ತಪ್ಪಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು, ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಬಳಿ ಕಳಿಸುತ್ತೇನೆ. (ಇದನ್ನು ಸವಕಳಿಯ ಸ್ಪಾಂಡಿಲೋಸಿಸ್ ಅಂದುಕೊಂಡು ವರ್ಷಗಟ್ಟಲೆ ಬೆಲ್ಟ್ ಬಿಗಿದುಕೊಂಡವರಿದ್ದಾರೆ.) ಸಂಜೆ ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಫಾಸ್ಟ್ ಬೌಲಿಂಗ್ ಮಾಡುವ ಹದಿನಾರರ ಹುಡುಗನಿಗೆ ಹಿಂದಕ್ಕೆ ಬಾಗಿದಾಗ ಒಂದೇ ಪಕ್ಕ ಚುಚ್ಚಿದರೆ, ಮೂಳೆ ಬಿರುಕು ಬಿಟ್ಟಿಲ್ಲ ಅಂತ ಖಾತ್ರಿಯಾಗುವವರೆಗೆ ಬೌಲಿಂಗ್ ಬಂದ್. ಮೂತ್ರ ಕಟ್ಟಿಕೊಂಡರೆ, ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆ.

ಇಂಥವು ಕಡಿಮೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. ಸೊಂಟನೋವಿನವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯಲ್ಲಿ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸಲಾಗದು. ಆ ಬಲ್ಜ್ ಕೂಡ ಅಷ್ಟೆ: ನೋವೇ ಇಲ್ಲದ ಇಪ್ಪತ್ತರ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ಶೇ 30ರಷ್ಟು ಮಂದಿಯಲ್ಲಿ ಕಾಣುತ್ತದೆ. ಶಾಲೆಯ ಬ್ಯಾಗಿನ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ, ಪುರಾವೆ ಅಷ್ಟು ಗಟ್ಟಿಯಿಲ್ಲ. ನಿದ್ದೆಗೆಡುವುದು, ಪರೀಕ್ಷೆಯ ಒತ್ತಡ, ತಿಂಗಳುಗಟ್ಟಲೆ ಮೈ ಬಳಸದೆ ಒಂದು ಭಾನುವಾರ ಮನೆ ಬದಲಾಯಿಸುವುದು, ನಾನು ಹೆಚ್ಚು ಕೆದಕುವುದು ಇವನ್ನು.

ಪಿಜಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಎಂಟು ಗಂಟೆ ಕೂರುವವರಿಗೆ ‘ನೆಟ್ಟಗೆ ಕೂತ್ಕೊ’ ಎಂದು ನಾನು ಹೇಳುವುದಿಲ್ಲ. ನೆಟ್ಟಗೇ ಆದರೂ ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂತರೆ ಬೆನ್ನು ಕೇಳುತ್ತದೆಯೇ? ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೇರಿಸಿದರೆ ಕೀಬೋರ್ಡ್ ಬೇರೆ ಬೇಕು, ಇಲ್ಲವಾದರೆ ಭುಜ ಕಿವಿಗೇರಿ ನೋವು ಕುತ್ತಿಗೆಗೆ ವರ್ಗವಾಗುತ್ತದೆ. ನೀರಿನ ಬಾಟಲಿ ಮಾತ್ರ ಚಿಕ್ಕದಿರಲಿ, ಕಾಲು ಲೀಟರಿನದು. ತುಂಬಿಸಲಿಕ್ಕಾದರೂ ಏಳುತ್ತಾರೆ.

ವ್ಯಾಯಾಮದಲ್ಲಿ ನನಗೆ ಮೆಚ್ಚಿನದು ಬರ್ಡ್ ಡಾಗ್. ಅಂಗೈ, ಮಂಡಿ ಊರಿ, ಎದುರುಬದುರಿನ ಕೈಕಾಲು ಚಾಚಿ 10 ಸೆಕೆಂಡ್; ಪ್ರತಿ ಪಕ್ಕಕ್ಕೆ 6, ಆಮೇಲೆ 4, ಆಮೇಲೆ 2 ಸಲ. ಬಹುತೇಕರು ಕಾಲನ್ನು ಸೊಂಟಕ್ಕಿಂತ ಮೇಲಕ್ಕೆತ್ತುತ್ತಾರೆ, ಬೆನ್ನು ಉಯ್ಯಾಲೆಯಂತೆ ಕುಸಿಯುತ್ತದೆ. ಅದಕ್ಕೇ ಸೊಂಟದ ಮೇಲೆ ಸ್ಟೀಲ್ ಲೋಟದಲ್ಲಿ ಅರ್ಧ ನೀರಿಡುತ್ತೇನೆ. ಲೋಟ ವಾಲಿದರೆ ಕಾಲು ಇಳಿಸಿ. ಆಗಲೂ ವಾಲಿದರೆ ಕೈ ನೆಲದಲ್ಲೇ ಇರಲಿ, ಕಾಲೊಂದೇ ಸಾಕು. ಸೊಂಟದಿಂದ ಮೀನಖಂಡದವರೆಗೆ ಇಳಿಯುತ್ತಿದ್ದ ಸೆಳೆತ ತೊಡೆಗೆ ಹಿಂದೆ ಸರಿದರೆ, ಸೊಂಟ ತುಸು ಹೆಚ್ಚು ನೋಯುತ್ತಿದ್ದರೂ ದಾರಿ ಸರಿಯಿದೆ. ಸೆಳೆತ ಇನ್ನೂ ಕೆಳಗಿಳಿದರೆ ನಿಲ್ಲಿಸಿ.

ಎರಡು ವಾರದ ಮೇಲೆ ಭಾರ. ಜಿಮ್ ಬೇಕಿಲ್ಲ, 20 ಲೀಟರಿನ ನೀರಿನ ಕ್ಯಾನ್ ಸಾಕು. ಮೊದಲು ಖಾಲಿಯದು, ಬಳಿಕ 5 ಲೀಟರ್ ತುಂಬಿ. ಕ್ಯಾನ್ ಪಾದಗಳ ನಡುವೆ ಇರಲಿ, ಕುಂಡಿ ಹಿಂದಕ್ಕೆ ಹೋಗಲಿ, ಎತ್ತುವಾಗ ತಿರುಚಬೇಡಿ. ದಿನಕ್ಕೆ 8 ಸಲ. ಮಾರನೇ ಬೆಳಗ್ಗೆ ಮೊದಲಿಗಿಂತ ನೋವು ಹೆಚ್ಚಿಲ್ಲವೆಂದರೆ ವಾರಕ್ಕೆರಡು ಲೀಟರ್ ಸೇರಿಸುತ್ತ ಹೋಗಿ.