ಲುಸಾಕಾದ ಕಕ್ಕಸುಗುಂಡಿಗೆ ನಮ್ಮೂರ ಪಾತಾಳಗರಡಿ: ನನ್ನ ಅನುಭವ

ಕಸ ತುಂಬಿದ ಗುಂಡಿಗೆ ಗಲ್ಪರ್ ಪಂಪು (ಪೈಪಿನ ಬುಡದಲ್ಲಿ ಕವಾಟವಿರುವ ಕೈಪಂಪು) ಹಾಕಬೇಡಿ, ಕೈಸಲಿಕೆಯಿಂದಲೇ ಬಾಚಬೇಕು ಎಂದು ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಈ ಕೆಲಸ ಬಲ್ಲವರೆಲ್ಲ ಹೇಳಿದ್ದರು. ಮೊದಲು ಕಸ, ಆಮೇಲೆ ಹೂಳು (ಗುಂಡಿಯ ಮಲದ ಕೆಸರು) ಎಂದು ಎರಡು ಪಾಳಿ ಮಾಡಿದರೆ ಅದೇ ಪಂಪು ನಡೆಯುತ್ತದೆ ಎಂದರೆ ಯಾರೂ ಒಪ್ಪಲಿಲ್ಲ. ಈಗ ಲುಸಾಕಾದ ಕಿಕ್ಕಿರಿದ ಬಡಾವಣೆ ಕನ್ಯಾಮಾದಲ್ಲಿ ಹೀಗೆಯೇ ಇನ್ನೂರು ಚಿಲ್ಲರೆ ಗುಂಡಿ ಆಗಿವೆ. ಹನ್ನೆರಡು ಡ್ರಮ್ಮು ತುಂಬ ತೆಗೆಯಲು ಐದು ತಾಸು ಹಿಡಿಯುತ್ತಿದ್ದ ಕೆಲಸ ಮೂರು ತಾಸಿನೊಳಗೆ ಮುಗಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಜಾಗದ ಗುಣ ಒಂದಿಷ್ಟು ಹೇಳಲೇಬೇಕು. ಕನ್ಯಾಮಾದ ನೆಲ ಸುಣ್ಣಕಲ್ಲಿನದು. ಒಂದೂವರೆ ಮೀಟರ್ ಅಗೆಯುವಷ್ಟರಲ್ಲಿ ಎಷ್ಟೋ ಕಡೆ ಬಂಡೆ ಸಿಗುತ್ತದೆ. ಅದಕ್ಕೇ ಅರ್ಧ ಗುಂಡಿ ನೆಲದೊಳಗೆ, ಅರ್ಧ ಇಟ್ಟಿಗೆ ಕಟ್ಟಿ ಮೇಲಕ್ಕೆ, ಹತ್ತಲು ಮೂರು ನಾಲ್ಕು ಮೆಟ್ಟಿಲು. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಗಾಲ. ಆಗ ನೀರು ನೆಲಮಟ್ಟಕ್ಕೇ ಬರುತ್ತದೆ. ಬಂಡೆಯ ಬಿರುಕುಗಳಲ್ಲಿ ಗುಂಡಿಯ ನೀರು ಸೋಸಿಕೊಳ್ಳದೆ ನೇರ ಹರಿದು ಪಕ್ಕದ ಮನೆಯ ತೆರೆದ ಬಾವಿ ಸೇರುತ್ತದೆ. 2017ರ ಅಕ್ಟೋಬರಿನಲ್ಲಿ ಶುರುವಾದ ಕಾಲರಾ ಕನ್ಯಾಮಾವನ್ನು ಹೇಗೆ ಹಿಂಡಿತು, 2023ರ ಕೊನೆಗೆ ಮತ್ತೆ ಬಂದು ಹೀರೋಸ್ ಕ್ರೀಡಾಂಗಣವನ್ನೇ ಆಸ್ಪತ್ರೆ ಮಾಡುವ ಸ್ಥಿತಿ ಹೇಗೆ ತಂದಿತು ಎಂದು ಕಂಡವರಿಗೆ, ತುಂಬಿದ ಗುಂಡಿಗೆ ಮಣ್ಣೆಳೆದು ಪಕ್ಕದಲ್ಲಿ ಇನ್ನೊಂದು ತೋಡುವ ಹಳೇ ಪದ್ಧತಿ ಎಂಥ ಅಪಾಯದ್ದೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ತೋಡಲು ಈಗ ಜಾಗವೂ ಉಳಿದಿಲ್ಲ.

ಹಾಳಾದ ಪ್ರಯತ್ನಗಳನ್ನು ಮೊದಲು ಹೇಳುತ್ತೇನೆ, ದುಡ್ಡು ಹೋದದ್ದು ಅಲ್ಲೇ.

ಹೀರುವ ಲಾರಿ ಇಲ್ಲಿನ ಓಣಿಗೆ ಬರುವುದಿಲ್ಲ. ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಅರವತ್ತು ಮೀಟರ್ ಪೈಪು ಎಳೆದರೂ ಮೇಲಿನ ತಿಳಿನೀರು ಮಾತ್ರ ಬಂತು, ಗಟ್ಟಿ ಹೂಳು ಅಲುಗಲಿಲ್ಲ. ಎರಡನೆಯದು ಮೂರಿಂಚಿನ ಪೆಟ್ರೋಲ್ ಪಂಪು, ದಿನದ ಬಾಡಿಗೆಗೆ. ಹತ್ತು ನಿಮಿಷದಲ್ಲಿ ಒಂದು ಮಗುವಿನ ಡೈಪರ್ ಒಳಗಿನ ಚಕ್ರಕ್ಕೆ ಸುತ್ತಿಕೊಂಡಿತು. ಡೈಪರಿನೊಳಗಿನ ಪುಡಿ ನೀರು ಕುಡಿದು ಉಬ್ಬಿ ಲೋಳೆಯಾಗುತ್ತದೆ, ಬಿಚ್ಚಿ ತೊಳೆದರೂ ಹೋಗುವುದಿಲ್ಲ. ಮುಂಗಡ ಕೊಟ್ಟ 600 ಕ್ವಾಚಾ (ಇಲ್ಲಿನ ಹಣ) ವಾಪಸು ಬರಲಿಲ್ಲ. ಮೂರನೆಯದು ಗಲ್ಪರ್‌ನ ಬುಡಕ್ಕೆ ಜಾಲರಿ ಪಂಜರ. ಐದನೇ ಡ್ರಮ್ಮಿಗೆ ಚಿತೆಂಗೆ, ಅಂದರೆ ಹೆಂಗಸರು ಸೊಂಟಕ್ಕೆ ಸುತ್ತುವ ಬಟ್ಟೆಯ ಚಿಂದಿ ಜಾಲರಿಗೆ ಅಂಗಿ ತೊಡಿಸಿದ ಹಾಗೆ ಸುತ್ತಿಕೊಂಡಿತ್ತು. ಜಾಲರಿ ತೆಗೆದರೆ ಕವಾಟದಲ್ಲಿ ಮೆಕ್ಕೆಜೋಳದ ದಿಂಡು ಸಿಕ್ಕಿಕೊಳ್ಳುತ್ತದೆ, ಇಟ್ಟರೆ ಬಟ್ಟೆ. ಅಲ್ಲಿಗೆ ಗೊತ್ತಾಯಿತು, ಪಂಪನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ಕಸವೇ ಮೊದಲು ಹೊರಗೆ ಬರಬೇಕು.

2015ರಲ್ಲಿ ಶುರುವಾದ ದೇವನಹಳ್ಳಿಯ ಹೂಳು ಸಂಸ್ಕರಣಾ ಘಟಕ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಲಾರಿ ತರುವುದು ನೀರು ನೀರಾದ ಹೂಳು, ಬಾಯಲ್ಲೊಂದು ಸರಳಿನ ಜರಡಿ ಸಾಕು. ಇಲ್ಲಿ ಗುಂಡಿಯೇ ಮನೆಯ ಕಸದ ತೊಟ್ಟಿ. ಹನ್ನೆರಡು ಡ್ರಮ್ ತೆಗೆದರೆ ಎರಡೂವರೆ ಮೂರು ಡ್ರಮ್ಮು ಬರೀ ಕಸ.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ನಮ್ಮ ಕಡೆ ಹಳೇ ಮನೆಗಳಲ್ಲಿ ಈಗಲೂ ಇದೆ. ಅದೇ ಇಲ್ಲಿಗೆ ಬೇಕಾದದ್ದು, ಆದರೆ ಹಗ್ಗಕ್ಕೆ ಕಟ್ಟಿದರೆ ಹೂಳಿನಲ್ಲಿ ಇಳಿಯುವುದಿಲ್ಲ, ಗಟ್ಟಿ ಹಿಡಿ ಬೇಕು. ಹಿಡಿಗೆ ಮುಕ್ಕಾಲಿಂಚಿನ ಜಿಐ ಪೈಪು, ಒಂದೂವರೆ ಮೀಟರಿನ ಎರಡು ತುಂಡು, ನಡುವೆ ತಿರುಪಿನ ಸಾಕೆಟ್. ಒಂದೇ ಉದ್ದದ ಪೈಪಾದರೆ ಕಕ್ಕಸಿನ ತಗಡಿನ ಮಾಡಿಗೆ ತಾಗುತ್ತದೆ. ತಲೆಗೆ 10 ಮಿಮೀ ಕಬ್ಬಿಣದ ಸಲಾಕೆಯ ಆರು ಕೊಕ್ಕೆ, ಎರಡು ಸುತ್ತಾಗಿ: ಕೆಳಗೆ ಮೂರು, ಒಂದು ಗೇಣು ಮೇಲೆ ಮೂರು, ಕೆಳಗಿನವುಗಳ ಸಂದಿಗೆ ಸರಿಯಾಗಿ. 8 ಮಿಮೀ ಹಾಕಿದ್ದು ನೆಟ್ಟಗಾಗಿ ಹೋಯಿತು, 12 ಮಿಮೀ ಹಾಕಿದ್ದರಲ್ಲಿ ಭಾರಕ್ಕೆ ಭುಜ ಸೋತಿತು. ಬೆಸುಗೆ ಸೇರಿ ಆಗ ಸುಮಾರು 350 ಕ್ವಾಚಾ ಬಿತ್ತು. ಕೊಕ್ಕೆಯ ತುದಿ ಎಷ್ಟು ಮಡಚಬೇಕು, ಹಿಡಿದ ಬಟ್ಟೆ ಮೇಲೆ ಬಂದಮೇಲೆ ಒಂದೇ ತಿರುವಿಗೆ ಕಳಚಿ ಬೀಳುವುದು ಹೇಗೆ, ಅದು ನಮ್ಮ ತಂಡದ ಹೊಟ್ಟೆಪಾಡು. ಅದನ್ನು ಬರೆಯುವುದಿಲ್ಲ.

ಕೆಲಸ ಹಿಂದಿನ ಸಂಜೆಯೇ ಶುರು. ಐದಾರು ಕ್ಯಾನ್, ಅಂದರೆ ನೂರು ನೂರಿಪ್ಪತ್ತು ಲೀಟರ್ ನೀರು ಗುಂಡಿಗೆ. ಕಿಯೋಸ್ಕಿನ (ನೀರು ಮಾರುವ ಕಟ್ಟೆಯ) ಕುಡಿಯುವ ನೀರಿಗೆ ದುಡ್ಡು ಸುರಿಯಬೇಡಿ, ಮನೆಯವರ ಬಟ್ಟೆ ಒಗೆದ ನೀರೇ ಒಳ್ಳೆಯದು. ಪಾತಾಳಗರಡಿಯನ್ನು ತಳಮುಟ್ಟ ಇಳಿಸಿ ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಬೇಕು, ಸುತ್ತ ತಿರುವಬಾರದು. ಸುತ್ತ ತಿರುವಿದರೆ ಬಟ್ಟೆಯೆಲ್ಲ ಹಗ್ಗವಾಗಿ ಹೊಸೆದುಕೊಂಡು ಒಂದೇ ಮುದ್ದೆಯಾಗುತ್ತದೆ, ಅದು ಯಾವ ಕಂಡಿಯಲ್ಲೂ ಹೊರಡುವುದಿಲ್ಲ. ರಾತ್ರಿ ನೆನೆಯಲು ಬಿಡಿ. ಅದೇ ದಿನ ನೀರು ಹಾಕಿ ಅದೇ ದಿನ ತೆಗೆಯಲು ಹೋದರೆ ನೀರು ಮೇಲೇ ನಿಂತಿರುತ್ತದೆ.

ಬೆಳಿಗ್ಗೆ ಗುಂಡಿ ತೆರೆದು ಅರ್ಧ ಗಂಟೆ ಗಾಳಿಯಾಡಬೇಕು, ಹತ್ತಿರ ಬೀಡಿ ಸಿಗರೇಟು ಕೂಡದು. ಯಾರೂ ಗುಂಡಿಗೆ ಇಳಿಯಬಾರದು, ಬಿದ್ದ ಸಾಮಾನು ಎಷ್ಟೇ ಬೆಲೆಯದಿದ್ದರೂ. ಕಕ್ಕಸಿನ ಕಂಡಿಯಿಂದ ಈ ಕೆಲಸ ಆಗುವುದಿಲ್ಲ. ಹಿಂಬದಿಯಲ್ಲಿ, ನೆಲದ ಮೇಲೆ ಎದ್ದಿರುವ ಇಟ್ಟಿಗೆ ಗೋಡೆಯಲ್ಲಿ ಚಪ್ಪಡಿಯ ಕೆಳಗೇ 45 ಸೆಂಟಿಮೀಟರಿನ ಚೌಕ ಬಾಯಿ ತೆಗೆಯುತ್ತೇವೆ. ಮುಚ್ಚುವಾಗ ಒಂದು ಪಾಲು ಸಿಮೆಂಟಿಗೆ ಹತ್ತು ಪಾಲು ಮರಳಿನ ಬಡ ಗಾರೆ ಹಾಕಿ, ಮುಂದಿನ ಸಲ ಉಳಿಯ ಎರಡು ಏಟಿಗೆ ಬಿಡುತ್ತದೆ. ಮೊದಲ ವರ್ಷ ಒಳ್ಳೇ ಗಾರೆ ಹಾಕಿ, ಮುಂದಿನ ವರ್ಷ ಗೋಡೆಯನ್ನೇ ಸೀಳಿದ್ದೂ ಉಂಟು, ಅದರ ರಿಪೇರಿ ನಮ್ಮ ತಲೆಗೇ ಬಂತು.

ಗರಡಿ ಹಾಕಲು ಸರಿಯಾಗಿ ಒಂದು ತಾಸು ಇಟ್ಟುಕೊಳ್ಳಿ. ಮೇಲೆ ಬಂದದ್ದನ್ನು ಬಾಯಿಯ ಮೇಲೇ ಅಡ್ಡ ಇಟ್ಟ ಜಾಲರಿಯಲ್ಲಿ ಐದು ನಿಮಿಷ ಸೋರಲು ಬಿಟ್ಟು, 25 ಕೇಜಿ ಮೆಕ್ಕೆಜೋಳದ ಹಿಟ್ಟಿನ ಹಳೇ ಚೀಲಕ್ಕೆ ಹಾಕಿ. ಒಂದು ಪದರ ಕಸಕ್ಕೆ ಒಂದು ಹಿಡಿ ಸುಣ್ಣ. ಬಟ್ಟೆ, ಕೃತಕ ಕೂದಲಿನ ಜಡೆ, ಪ್ಯಾಡು, ಬಾಟಲಿ, ಒಂಟಿ ಚಪ್ಪಲಿ ಇವಿಷ್ಟೇ ಮುಕ್ಕಾಲು ಪಾಲು. ಗರಡಿ ಸತತ ಐದಾರು ಸಲ ಬರಿದಾಗಿ ಬಂದರೆ ಗಲ್ಪರ್ ಇಳಿಸಿ. ನಾಲ್ಕಿಂಚಿನ ಪಿವಿಸಿಯೇ ಬೇಕು, ಮೂರಿಂಚು ಇಲ್ಲಿಗೆ ಆಗದು. ಅಂಟಿನ ಬೆಸೆ ಮೂರು ತಿಂಗಳಿಗೆ ಬಿಡುತ್ತದೆ, ಅಂಟಿನ ಜೊತೆ ಎರಡು ಸ್ಟೀಲ್ ಸ್ಕ್ರೂ ಹಾಕಿ. ಕವಾಟದ ರಬ್ಬರಿಗೆ ಲಾರಿಯ ಹಳೇ ಟ್ಯೂಬು, ಎರಡು ಪದರ. ಬುಡವನ್ನು ತಳಕ್ಕೆ ಒತ್ತಬೇಡಿ, ಅಂಗಳ ಗುಡಿಸಿ ಹಾಕಿದ ಮರಳು ಅಲ್ಲೇ ಕೂತಿರುತ್ತದೆ, ಒಂದೇ ವಾರದಲ್ಲಿ ಕವಾಟ ಸವೆಸುತ್ತದೆ. ಬುಡ ಗೇಣೆತ್ತರ ನಿಲ್ಲುವಂತೆ ಪೈಪಿಗೆ ಅಡ್ಡ ಸರಳು ಕಟ್ಟಿದರೆ ಸಾಕು.

ತಳದ ಮೂರನೇ ಒಂದು ಪಾಲು ಬಿಟ್ಟುಬಿಡಿ, ಮಳೆಗಾಲದಲ್ಲಿ ಅರ್ಧ. ಕಟ್ಟದ ಗುಂಡಿಯನ್ನು ಪೂರ್ತಿ ಖಾಲಿ ಮಾಡಿದರೆ ಹೊರಗಿನ ನೀರು ಗೋಡೆಯನ್ನು ಒಳಗೆ ನೂಕುತ್ತದೆ. ದುಡ್ಡು ಕೊಟ್ಟವರು ಪೂರ್ತಿ ತೆಗೆಯಿರಿ ಎಂದು ಹಟ ಹಿಡಿಯುತ್ತಾರೆ, ಒಪ್ಪಬಾರದು.

ಡ್ರಮ್ಮು 60 ಲೀಟರಿನದು, ತುಂಬುವುದು 50. ಅದೇ 55 ಕೇಜಿ ತೂಗುತ್ತದೆ. ಮುಚ್ಚಳಕ್ಕೆ ಕಬ್ಬಿಣದ ಬಿಗಿಬಳೆ ಇರಲೇಬೇಕು. ಪ್ರತಿ ಡ್ರಮ್ಮಿಗೆ ಮುಕ್ಕಾಲು ಕೇಜಿ ಅರಳಿಸಿದ ಸುಣ್ಣ ಕಲಸಿ, ಪಿಎಚ್ (ಕ್ಷಾರದ ಅಳತೆ) 12 ಮುಟ್ಟಿ ಎರಡು ತಾಸು ನಿಂತಮೇಲೆ ಗಾಡಿಗೆ. ಇಲ್ಲಿ ಒಂದು ದೊಡ್ಡ ಏಟು ತಿಂದಿದ್ದೇವೆ. ಹೊಲಕ್ಕೆ ಹಾಕುವ ಸುಣ್ಣ ಅರ್ಧ ಬೆಲೆಗೆ ಸಿಗುತ್ತದೆಂದು ಇಪ್ಪತ್ತು ಮೂಟೆ ತಂದೆವು. ಅದು ಬರೀ ಸುಣ್ಣಕಲ್ಲಿನ ಪುಡಿ, ಸುಟ್ಟದ್ದಲ್ಲ. ಎಷ್ಟು ಸುರಿದರೂ ಪಿಎಚ್ ಪಟ್ಟಿಯ ಬಣ್ಣ ಎಂಟರ ಹತ್ತಿರವೇ ನಿಂತಿತು. ಮೂಟೆಯ ಮೇಲಿನ ಹೆಸರು ನಂಬದೆ ಒಂದು ಚಮಚ ನೀರಿಗೆ ಕಲಸಿ ಪಟ್ಟಿ ಅದ್ದಿ ನೋಡಿಯೇ ಕೊಳ್ಳಿ. ಬೂದಿಯನ್ನೂ ಪರೀಕ್ಷಿಸಿದೆವು, ಹತ್ತು ದಾಟಲು ಡ್ರಮ್ಮಿನ ಕಾಲುಭಾಗ ಬೂದಿಯೇ ಬೇಕಾಯಿತು, ಬಿಟ್ಟೆವು.

ಗುಂಡಿ ತಾನಾಗಿ ಇಳಿಯುತ್ತದೆ ಎಂದು ಮಾರುವ ಸೂಕ್ಷ್ಮಾಣು ಪುಡಿಯನ್ನೂ ನೋಡಿಬಿಡೋಣ ಎಂದು ಮೂರು ಗುಂಡಿಗೆ ಪುಡಿ ಕಲಸಿದ ನೀರು, ಇನ್ನು ಮೂರಕ್ಕೆ ಅಷ್ಟೇ ಬರೀ ನೀರು ಹಾಕಿ, ಗುರುತು ಹಾಕಿದ ಕೋಲಿನಿಂದ ಆರು ವಾರ ಅಳೆದೆವು. ಎರಡೂ ಕಡೆ ಒಂದೇ ಸಮ, ನಾಲ್ಕೈದು ಬೆರಳು ಇಳಿದಿತ್ತು. ಇಳಿಸಿದ್ದು ನೀರು.

ಈಗ ಲೆಕ್ಕ. ಕನ್ಯಾಮಾದಲ್ಲಿ 12, 24, 32 ಡ್ರಮ್ಮಿನ ಕಟ್ಟು, ಅಂದರೆ ಇಷ್ಟು ಡ್ರಮ್ಮು ತೆಗೆದರೆ ಇಷ್ಟು ದರ ಎನ್ನುವುದು, ನಮಗಿಂತ ಮೊದಲೇ ಇತ್ತು. ಅದು ಬಹಳ ಬುದ್ಧಿವಂತ ಪದ್ಧತಿ, ಪೂರ್ತಿ ಗುಂಡಿಯ ದುಡ್ಡು ಒಮ್ಮೆಗೇ ಯಾರ ಹತ್ತಿರವೂ ಇರುವುದಿಲ್ಲ. ನಮ್ಮ ಆ ಹೊತ್ತಿನ ದರ 12ಕ್ಕೆ ಸುಮಾರು 400 ಕ್ವಾಚಾ, 24ಕ್ಕೆ 650. ಚಿಕ್ಕ ಕಟ್ಟಿನಲ್ಲಿ ನಾಲ್ವರ ಕೂಲಿ 240, ಹೂಳು ಸುರಿಯುವ ಜಾಗದ ಶುಲ್ಕ 50, ಗಾಡಿ 40, ಸುಣ್ಣ ಕ್ಲೋರಿನ್ 25 ಕಳೆದರೆ ಉಳಿಯುತ್ತಿದ್ದದ್ದು 45. ಮೊದಲು ದಿನಕ್ಕೆ ಒಂದೇ ಗುಂಡಿ ಆಗುತ್ತಿತ್ತು, 45ರಲ್ಲಿ ಹರಿದ ಕೈಗವಸಿನ ಖರ್ಚೂ ಹುಟ್ಟುತ್ತಿರಲಿಲ್ಲ. ಈಗ ಎರಡು ಗುಂಡಿ. ಕಸವಿಲ್ಲದ ಹೂಳೆಂದು ಸುರಿಯುವ ಕಡೆ ಶುಲ್ಕವನ್ನೂ ಇಳಿಸಿದರು. ಕಸ ಬೆರೆತ ಲೋಡನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದ ಜಾಗವೇ ಅದು. ಮನೆ ಮಾಲೀಕರು ಬೇರೆ ಊರಲ್ಲಿರುತ್ತಾರೆ, ಬಾಡಿಗೆಯ ಐದಾರು ಸಂಸಾರ ಸೇರಿ ಚಂದಾ ಎತ್ತುತ್ತವೆ. ಅರ್ಧ ದುಡ್ಡು ಹಿಂದಿನ ಸಂಜೆ ನೀರು ಹಾಕುವಾಗಲೇ ತೆಗೆದುಕೊಳ್ಳಿ.

ಕೆಲಸಗಾರರಿಗೆ ಧನುರ್ವಾಯು ಚುಚ್ಚುಮದ್ದು, ಜೊತೆಗೆ ಆರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ. ಇದನ್ನು ಖರ್ಚೆಂದು ಉಳಿಸುವವರು ಈ ಕೆಲಸಕ್ಕೆ ಬರಬಾರದು. ಡ್ರಮ್ಮು, ಬೂಟು, ಅಂಗಳ ತೊಳೆಯಲು 20 ಲೀಟರ್ ನೀರಿಗೆ ಎಚ್‌ಟಿಎಚ್ ಪುಡಿ (ನೂರಕ್ಕೆ 65 ಪಾಲು ಕ್ಲೋರಿನ್ ಇರುವ ಪುಡಿ) ಸುಮಾರು 150 ಗ್ರಾಂ.

ಗುಂಡಿ ಕಲಕಿದ ಮೇಲೆ ಎರಡು ಮೂರು ದಿನ ಸುತ್ತಲಿನ ಬಾವಿಗಳ ಮೇಲೆ ಕಣ್ಣಿಡಿ, ಬಿರುಕಿನಲ್ಲಿ ಏನು ಎಲ್ಲಿಗೆ ಹೋಯಿತೆಂದು ಮೇಲಿನಿಂದ ಕಾಣುವುದಿಲ್ಲ. ಕುಡಿಯಲು ಕಿಯೋಸ್ಕಿನ ನೀರೇ ತರಲು ಹೇಳಿ. ಆಗದವರಿಗೆ ಒಂದು ಲೀಟರ್ ನೀರಿಗೆ 15 ಗ್ರಾಂ ಅದೇ ಎಚ್‌ಟಿಎಚ್ ಪುಡಿ ಕರಗಿಸಿ, ತಿಳಿಯಾದ ಮೇಲೆ ಬಸಿದು ಕಪ್ಪು ಬಾಟಲಿಯಲ್ಲಿ ಕೊಡುತ್ತೇವೆ, ಜೊತೆಗೆ ಸೂಜಿಯಿಲ್ಲದ 5 ಎಂಎಲ್ ಸಿರಿಂಜು. ತಿಳಿನೀರಿನ 20 ಲೀಟರ್ ಕ್ಯಾನಿಗೆ 4 ಎಂಎಲ್, ಬಗ್ಗಡವಾದರೆ ಬಟ್ಟೆಯಲ್ಲಿ ಸೋಸಿ 8. ಅರ್ಧ ಗಂಟೆ ಬಿಟ್ಟು ಸ್ವಲ್ಪ ನೀರು ಬೇರೆ ತೆಗೆದು, ಉಳಿದ ಕ್ಲೋರಿನ್ ತೋರಿಸುವ ಡಿಪಿಡಿ ಮಾತ್ರೆ ಅದಕ್ಕೆ ಹಾಕಿ ನೋಡಿ, ಗುಲಾಬಿ ಬಣ್ಣ ಲೀಟರಿಗೆ 0.5 ಮಿಲಿಗ್ರಾಂ ಗುರುತಿಗಿಂತ ತಿಳಿಯಾಗಿದ್ದರೆ ಕ್ಯಾನಿಗೆ ಇನ್ನೂ 2 ಎಂಎಲ್. ಆ ಬಾಟಲಿ ಒಂದು ವಾರಕ್ಕಿಂತ ಹಳೆಯದಾದರೆ ಚೆಲ್ಲಿ ಹೊಸದು ಮಾಡಿಕೊಡಿ.