ಓಕ್‌ಲೀಫ್ ಹೈಡ್ರೇಂಜದ ತಳಿಗಳನ್ನು ಹೋಲಿಸಿ ಆರಿಸುವ ಬಗೆ

ಹೂ ಅರಳಿದ ದಿನಗಳ ಚಿತ್ರಗಳನ್ನಷ್ಟೇ ಮುಂದಿಟ್ಟುಕೊಂಡು, ಓಕ್ ಮರದ ಎಲೆಯನ್ನು ಹೋಲುವ ಎಲೆಗಳ ಹೂಪೊದೆಯಾದ ಓಕ್‌ಲೀಫ್ ಹೈಡ್ರೇಂಜದ ತಳಿಗಳನ್ನು ಹೋಲಿಸಲು ಹೊರಟರೆ ಎಲ್ಲವೂ ಒಂದೇ ಗಿಡದಂತೆ ಕಾಣುತ್ತವೆ, ಏಕೆಂದರೆ ಹೆಸರು ಯಾವುದೇ ಇರಲಿ, ಹೊಸದಾಗಿ ಅರಳಿದ ಗೊಂಚಲು ಬಿಳಿಯದೇ ಆಗಿರುತ್ತದೆ. ಸಾಮಾನ್ಯ ಹೈಡ್ರೇಂಜದಲ್ಲಿ ಮಾಡುವಂತೆ ಇದರ ಹೂವನ್ನು ಮಣ್ಣಿನ ಹುಳಿಗುಣ ಬದಲಿಸಿ ನೀಲಿಯಾಗಿಸುವುದೂ ಸಾಧ್ಯವಿಲ್ಲ. ತಳಿಗಳ ನಡುವಿನ ನಿಜವಾದ ಅಂತರವಿರುವುದು ಗಿಡದ ಪೂರ್ಣ ಅಳತೆಯಲ್ಲಿ, ಗೊಂಚಲಿನ ರಚನೆಯಲ್ಲಿ ಮತ್ತು ಬಿಳಿಬಣ್ಣ ಮಾಸಿದ ಮೇಲೆ ಹೂವೂ ಎಲೆಯೂ ತಾಳುವ ಬಣ್ಣದಲ್ಲಿ.

ಮೊದಲು ನೋಡಬೇಕಾದದ್ದು ಅಳತೆಯನ್ನು. ಹೂವಿಗಿಂತ ಮೊದಲು ಅದೇಕೆ ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಈ ಪೊದೆ ಹಿಂದಿನ ವರ್ಷ ಬೆಳೆದ ಕೊಂಬೆಯ ಮೇಲೆ ಹೂ ಬಿಡುತ್ತದೆ. ಮುಂದಿನ ವರ್ಷದ ಹೂಮೊಗ್ಗುಗಳು ಬೇಸಿಗೆಯ ಕೊನೆಯ ಹೊತ್ತಿಗೇ ರೂಪುಗೊಳ್ಳತೊಡಗುತ್ತವೆ. ಜಾಗ ಸಾಲದ ಗಿಡವನ್ನು ಎಲೆ ಉದುರಿದ ಮೇಲೋ ಚಿಗುರುವ ಮುನ್ನವೋ ಸವರಿದರೆ ಕೊಂಬೆಯ ಜೊತೆಗೆ ಆ ವರ್ಷದ ಹೂವೂ ಹೋಗುತ್ತದೆ. ಹೂ ಮುಗಿದ ಕೂಡಲೇ ಸವರಲು ಅಡ್ಡಿಯಿಲ್ಲವಾದರೂ ಹನ್ನೆರಡು ಅಡಿ ಬೆಳೆಯಬಲ್ಲ ಗಿಡವನ್ನು ವರ್ಷ ವರ್ಷವೂ ನಾಲ್ಕು ಅಡಿಗೆ ಹಿಡಿದಿಡುವುದು ಗಿಡಕ್ಕೂ ತೋಟಗಾರನಿಗೂ ಶಿಕ್ಷೆಯೇ.

ಅಮೆರಿಕದ ಜಾರ್ಜಿಯ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಗಿಡದಿಂದ ಸಸ್ಯತಜ್ಞ ಮೈಕೇಲ್ ಡರ್ ಆರಿಸಿದ 'ಆಲಿಸ್' ಹತ್ತು ಹನ್ನೆರಡು ಅಡಿಯವರೆಗೂ ಏರುವ ತಳಿಯಾಗಿದ್ದು, ವಿಶಾಲ ತೋಟದ ಅಂಚಿಗೆ ಒಪ್ಪುತ್ತದೆ. 'ಸ್ನೋ ಕ್ವೀನ್' ಮಧ್ಯಮ ಗಾತ್ರದ್ದು. ಅಮೆರಿಕದ ರಾಷ್ಟ್ರೀಯ ಆರ್ಬೊರೇಟಂ (ವೃಕ್ಷೋದ್ಯಾನ) 2010ರಲ್ಲಿ ಹೊರತಂದ ಎರಡು ತಳಿಗಳ ಪೈಕಿ 'ರೂಬಿ ಸ್ಲಿಪ್ಪರ್ಸ್' ಸುಮಾರು ಮೂರೂವರೆ ಅಡಿ ಎತ್ತರ, ಐದು ಅಡಿ ಅಗಲವಾದರೆ, 'ಮಂಚ್‌ಕಿನ್' ಮೂರು ಅಡಿ ಎತ್ತರ, ನಾಲ್ಕೂವರೆ ಅಡಿ ಅಗಲಕ್ಕೆ ನಿಲ್ಲುತ್ತದೆ. ಇವೆರಡರಲ್ಲೂ ಅಗಲವೇ ಎತ್ತರವನ್ನು ಮೀರುತ್ತದೆ ಎಂಬುದನ್ನು ಗಮನಿಸಬೇಕು. ಎತ್ತರವನ್ನಷ್ಟೇ ಓದಿ ಎರಡು ಅಡಿ ಅಂತರದಲ್ಲಿ ನೆಟ್ಟವರಿಗೆ ಕೆಲವೇ ವರ್ಷಗಳಲ್ಲಿ ಗಿಡಗಳು ಒಂದರ ಮೇಲೊಂದು ಬೀಳುವುದು ಕಾಣುತ್ತದೆ. ಮಾರುವ ಗಿಡಕ್ಕೆ ಕಟ್ಟಿದ ಚೀಟಿಯಲ್ಲಿರುವ 'ಗಿಡ್ಡ ತಳಿ' ಎಂಬ ಮಾತನ್ನೂ ಎಚ್ಚರದಿಂದ ಓದಬೇಕು, ಏಕೆಂದರೆ ಅದು ಕಾಡಿನ ಮೂಲ ಗಿಡಕ್ಕೆ ಹೋಲಿಸಿ ಹೇಳಿದ ಮಾತೇ ಹೊರತು ಕುಂಡದಲ್ಲಿ ಅಡಗಿಕೊಳ್ಳುವ ಗಿಡವೆಂಬ ಭರವಸೆಯಲ್ಲ.

ಎರಡನೆಯದು ಗೊಂಚಲಿನ ರಚನೆ, ಮತ್ತು ಇಲ್ಲಿಯೇ ಹೋಲಿಕೆ ಸ್ವಾರಸ್ಯಕರವಾಗುತ್ತದೆ. ಶಂಕುವಿನಾಕಾರದ ಒಂದೇ ಗೊಂಚಲಿನಲ್ಲಿ ಎರಡು ಬಗೆಯ ಹೂಗಳಿರುತ್ತವೆ: ಕಾಯಿ ಕಟ್ಟುವ ಪುಟ್ಟ ಹೂಗಳು ಒಳಗೆ, ಅಗಲವಾದ ಪುಷ್ಪಪತ್ರಗಳಿಂದ ಕಣ್ಣು ಸೆಳೆಯುವ, ಆದರೆ ಫಲಿಸದ ಹೂಗಳು ಹೊರಗೆ. ನಾವು ದಳವೆಂದು ಭಾವಿಸುವುದು ಈ ಪುಷ್ಪಪತ್ರಗಳನ್ನೇ. ಫಲಿಸದ ಹೂಗಳು ಹೆಚ್ಚಿದಷ್ಟೂ ಗೊಂಚಲು ತುಂಬಿ ಕಾಣುತ್ತದೆ, ಭಾರವೂ ಆಗುತ್ತದೆ. ಅಲಬಾಮದಿಂದ ಬಂದ 'ಸ್ನೋಫ್ಲೇಕ್' ತಳಿಯಲ್ಲಿ ಒಂದು ಸುತ್ತಿನ ಪುಷ್ಪಪತ್ರಗಳ ಮೇಲೆ ಮತ್ತೊಂದು ಸುತ್ತು ಮೂಡುತ್ತಲೇ ಹೋಗುವುದರಿಂದ ಕೆಳಗಿನ ಹಳೆಯ ಸುತ್ತು ಗುಲಾಬಿಗೆ ತಿರುಗಿದಾಗಲೂ ಮೇಲಿನದು ಬಿಳಿಯಾಗಿಯೇ ಇದ್ದು, ಒಂದೇ ಹೂವಿನಲ್ಲಿ ಎರಡು ಬಣ್ಣ ಕಾಣಸಿಗುತ್ತದೆ. ಹೆಚ್ಚು ಕಾಲ ಉಳಿಯುವ ಹೂವೇ ಬೇಕೆನ್ನುವವರಿಗೆ ನನ್ನ ಆಯ್ಕೆ ಇದೇ, ಆದರೆ ಗೊಂಚಲು ಬಾಗುವುದನ್ನು ಒಪ್ಪಿಕೊಳ್ಳಬೇಕು. 'ಹಾರ್ಮನಿ' ಇನ್ನೂ ಭಾರ. ಒಂದು ಜೋರು ಮಳೆಗೆ ಅದರ ಕೊಂಬೆಗಳು ನೆಲ ಮುಟ್ಟುವಂತಾಗುತ್ತವೆ. ಗೊಂಚಲು ನೆಟ್ಟಗೆ ನಿಲ್ಲಬೇಕೆಂದಿದ್ದರೆ 'ಸ್ನೋ ಕ್ವೀನ್' ಅಥವಾ 'ರೂಬಿ ಸ್ಲಿಪ್ಪರ್ಸ್' ಕಡೆಗೆ ನೋಡಬೇಕು. ಜೇನ್ನೊಣಗಳೂ ಬರಲಿ ಎಂಬ ಆಸೆಯಿರುವವರು ಅತಿಯಾಗಿ ತುಂಬಿದ ಗೊಂಚಲನ್ನು ಬಿಟ್ಟು, ಒಳಗಿನ ಪುಟ್ಟ ಹೂಗಳು ತೆರೆದು ಕಾಣುವ ತಳಿಯನ್ನು ಆರಿಸುವುದು ಒಳಿತು.

ಮಾಗಿದ ಹೂವಿನ ಬಣ್ಣದಲ್ಲಿ 'ರೂಬಿ ಸ್ಲಿಪ್ಪರ್ಸ್' ಬಿಳಿಯಿಂದ ಬೇಗನೆ ತಿಳಿಗುಲಾಬಿಗೆ, ಅಲ್ಲಿಂದ ಗಾಢ ಗುಲಾಬಿಗೆ ಹೊರಳುತ್ತದೆ. 'ಅಮೆಥಿಸ್ಟ್' ದ್ರಾಕ್ಷಾರಸದ ಕೆಂಪನ್ನು ತಾಳುತ್ತದೆ. 'ಲಿಟಲ್ ಹನಿ' ತಳಿಯನ್ನು ಬೆಳೆಸುವುದು ಹೂವಿಗಿಂತ ಹೊಂಬಣ್ಣದ ಎಲೆಗಾಗಿ. ಮಧ್ಯಾಹ್ನದ ಬಿಸಿಲು ತಾಗಿದರೆ ಆ ಎಲೆಯ ಅಂಚು ಸುಡುವುದರಿಂದ ಅದಕ್ಕೆ ಅರೆನೆರಳು ಬೇಕೇ ಬೇಕು.

ಎಲೆಯ ಕೆಂಪು ನೇರಳೆ ಬಣ್ಣಗಳನ್ನು ಹೋಲಿಸುವಾಗ ಒಂದು ಮೋಸಕ್ಕೆ ಒಳಗಾಗಬಾರದು. ಬಿಸಿಲು ಹೆಚ್ಚು ಸಿಕ್ಕ ಗಿಡ ಎಲೆ ಉದುರುವ ಮುನ್ನ ಹೆಚ್ಚು ಕೆಂಪಾಗುತ್ತದೆ, ದಟ್ಟ ನೆರಳಿನ ಗಿಡ ಮಂಕಾಗಿ ಉಳಿಯುತ್ತದೆ; ಹೀಗಾಗಿ ಬಿಸಿಲಿನಲ್ಲಿರುವ ಒಂದು ತಳಿಯನ್ನು ನೆರಳಿನಲ್ಲಿರುವ ಇನ್ನೊಂದರ ಜೊತೆ ತೂಗಿದರೆ ಅದು ತಳಿಗಳ ಹೋಲಿಕೆಯಲ್ಲ, ಜಾಗಗಳ ಹೋಲಿಕೆ. ಒಂದೇ ವಯಸ್ಸಿನ, ಒಂದೇ ಬಗೆಯ ಬೆಳಕಿನಲ್ಲಿರುವ ಗಿಡಗಳನ್ನು ಹೂ ಅರಳಿದಾಗ ಒಮ್ಮೆ, ಎಲೆ ಬಣ್ಣ ತಿರುಗಿದಾಗ ಒಮ್ಮೆ, ಹೀಗೆ ಎರಡು ಸಲವಾದರೂ ಕಂಡು ಬರುವುದು ಲೇಸು. ಎಲೆಯಿಲ್ಲದ ಕಾಲದಲ್ಲಿ ಸುಲಿದು ನಿಂತ ದಾಲ್ಚಿನ್ನಿ ಬಣ್ಣದ ತೊಗಟೆಯೂ ನೋಡತಕ್ಕದ್ದೇ, ಆದರೆ ಅದು ಬಲಿತ ಗಿಡಗಳಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಮಣ್ಣಿನ ವಿಚಾರದಲ್ಲಿ ತಳಿಗಳ ನಡುವೆ ಹೆಚ್ಚಿನ ಭೇದವಿಲ್ಲ. ನೀರು ನಿಂತರೆ ಎಲ್ಲಕ್ಕೂ ಬೇರು ಕೊಳೆಯುತ್ತದೆ. ಕೊಳ್ಳುವಾಗ ಗಿಡ ಕಡ್ಡಿಯಿಂದ ಬೆಳೆಸಿದ್ದೋ ಬೀಜದಿಂದ ಬಂದದ್ದೋ ಎಂದು ಕೇಳಿ ತಿಳಿಯಬೇಕು. ಬೀಜದ ಸಸಿ ತಾಯಿಗಿಡದ ಗುಣವನ್ನು ಹಾಗೆಯೇ ಹೊತ್ತು ಬರುವುದಿಲ್ಲವಾದ್ದರಿಂದ, ಅಂಥ ಗಿಡಕ್ಕೆ ತಳಿಯ ಹೆಸರಿನ ಚೀಟಿ ಕಟ್ಟಿದ್ದರೆ ಮೇಲೆ ಹೇಳಿದ ಯಾವ ಅಳತೆಯೂ ಅದಕ್ಕೆ ಅನ್ವಯಿಸದು.