ಖಾತೆ ಫ್ರೀಜ್ ಆಯ್ತಾ? ಮೊದಲು ದೂರಿನ ನಂಬರ್ ಕೇಳಿ

ದಾವಣಗೆರೆ ಎಪಿಎಂಸಿ ಹತ್ತಿರ ನನ್ನದೊಂದು ಸಣ್ಣ ಟ್ಯಾಕ್ಸ್ ಆಫೀಸು. ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಆದರೆ ಈಚೆಗೆ ಬೇರೆಯದೇ ಗೋಳು ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ. "ಸರ್, ಯುಪಿಐ ಹೋಗ್ತಿಲ್ಲ. ಬ್ಯಾಂಕಲ್ಲಿ ಕೇಳಿದ್ರೆ ಸೈಬರ್ ಕೇಸು ಅಂತಾರೆ. ನಾನೇನ್ ಮಾಡೀನಿ?"

ಹೋದ ಸುಗ್ಗಿಯಲ್ಲಿ ಒಬ್ಬ ಮೆಕ್ಕೆಜೋಳದ ವ್ಯಾಪಾರಿ ಬಂದಿದ್ದರು. ಖಾತೆಯಲ್ಲಿದ್ದದ್ದು 2 ಲಕ್ಷದ 30 ಸಾವಿರ ರೂಪಾಯಿ. ತಕರಾರು ಇದ್ದದ್ದು ಬರೀ 4,800ಕ್ಕೆ. ಪರಿಚಯವಿಲ್ಲದ ಯಾರೋ ಎರಡು ಕ್ವಿಂಟಲ್ ಜೋಳ ಕೊಂಡು ಕ್ಯೂಆರ್ ಸ್ಕ್ಯಾನ್ ಮಾಡಿ ಹೋಗಿದ್ದ. ನನ್ನ ಹತ್ತಿರ ಬರುವ ಹೊತ್ತಿಗೆ ಇವರು ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿದ್ದರು. ಮ್ಯಾನೇಜರ್ ಜೊತೆ ಜಗಳ ಆಗಿತ್ತು. 'ಓಪನ್ ಮಾಡಿಸಿಕೊಡ್ತೀನಿ' ಎಂದ ಏಜೆಂಟನ ಕೈಗೆ 5,000 ಹೋಗಿತ್ತು. ಪೊಲೀಸರಿಗೆ 'ಆ ದುಡ್ಡು ನನಗೆ ಗೊತ್ತೇ ಇಲ್ಲ' ಎಂದು ವಾಟ್ಸ್‌ಆ್ಯಪ್ ಬೇರೆ ಹಾಕಿದ್ದರು. ಇದೇ ತಪ್ಪುಗಳನ್ನು ಮತ್ತೆ ಮತ್ತೆ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ಫ್ರೀಜು ಅಂತ ಖಚಿತ ಮಾಡಿಕೊಳ್ಳಿ

ಎಲ್ಲ ಫ್ರೀಜೂ ಪೊಲೀಸರದ್ದಲ್ಲ. ಕೆವೈಸಿ ಬಾಕಿ ಇದ್ದರೆ ಆಧಾರ್, ಪ್ಯಾನ್ ಕೊಟ್ಟು ಬನ್ನಿ, ಮುಗಿಯಿತು. ಎರಡು ವರ್ಷಕ್ಕಿಂತ ಹೆಚ್ಚು ವ್ಯವಹಾರವೇ ಮಾಡದ ಖಾತೆಯೂ ಹಾಗೆಯೇ. ಕೆಲವೊಮ್ಮೆ ಬ್ಯಾಂಕೇ ಅನುಮಾನಪಟ್ಟು ತಡೆಯುತ್ತದೆ. ತಿಂಗಳಿಗೆ ಹತ್ತು ಸಾವಿರ ಓಡಾಡುವ ಖಾತೆಗೆ ಒಂದೇ ದಿನ ನಾಲ್ಕು ಲಕ್ಷ ಬಂದರೆ ಅವರ ಕಂಪ್ಯೂಟರ್ ಬಾಯಿ ಬಡಿದುಕೊಳ್ಳುತ್ತದೆ. ಅಡಿಕೆ ಮಾರಿದ ಪಟ್ಟಿಯೋ, ಸೈಟಿನ ಕ್ರಯಪತ್ರವೋ ತೋರಿಸಿದರೆ ಅದು ಬ್ಯಾಂಕಿನ ಮಟ್ಟದಲ್ಲೇ ಬಗೆಹರಿಯುತ್ತದೆ.

'ಸೈಬರ್ ಕಂಪ್ಲೇಂಟ್ ಇದೆ' ಎಂದರೆ ಮಾತ್ರ ಮುಂದೆ ಓದಿ.

ಇದು ನಡೆಯುವುದು ಹೀಗೆ. ದುಡ್ಡು ಕಳೆದುಕೊಂಡವರು 1930ಕ್ಕೆ ಫೋನ್ ಮಾಡುತ್ತಾರೆ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕುತ್ತಾರೆ. ಕೂಡಲೇ ಪೊಲೀಸರೂ ಬ್ಯಾಂಕಿನವರೂ ಆ ದುಡ್ಡಿನ ಬೆನ್ನು ಹತ್ತುತ್ತಾರೆ. ಮೊದಲು ಹೋದ ಖಾತೆ ಒಂದನೇ ಲೇಯರ್. ಅಲ್ಲಿಂದ ಹಂಚಿಹೋದವು ಎರಡನೇ ಲೇಯರ್. ಹೀಗೆ ನಾಲ್ಕೈದು ಕೈ ದಾಟಿ ಕೊನೆಗೆ ಆ ದುಡ್ಡಲ್ಲಿ ಒಬ್ಬ ಜೋಳ ಕೊಂಡಿರುತ್ತಾನೆ, ಇನ್ನೊಬ್ಬ ಮೊಬೈಲ್ ರಿಪೇರಿ ಮಾಡಿಸಿರುತ್ತಾನೆ. ಆ ಅಂಗಡಿಯವನ ಖಾತೆಯೂ ಪಟ್ಟಿಗೆ ಸೇರುತ್ತದೆ. ದೂರು ಕೊಟ್ಟವರು ಯಾವುದೋ ರಾಜ್ಯದವರು. ನಿಮ್ಮ ಮುಖ ಅವರು ಕಂಡಿಲ್ಲ, ಅವರ ಮುಖ ನೀವು ಕಂಡಿಲ್ಲ.

ಆದ್ದರಿಂದ ಮ್ಯಾನೇಜರ್ ಮೇಲೆ ರೇಗಬೇಡಿ. ಪೊಲೀಸರು ಹಾಕಿಸಿದ ತಡೆಯನ್ನು ತೆಗೆಯುವ ಬಟನ್ ಅವರ ಹತ್ತಿರ ಇಲ್ಲ. ನೀವು 1930ಕ್ಕೆ ಫೋನ್ ಮಾಡಿಯೂ ಉಪಯೋಗವಿಲ್ಲ, ಅದು ದುಡ್ಡು ಕಳೆದುಕೊಂಡವರಿಗೆ ಇರುವ ನಂಬರ್.

ಬ್ಯಾಂಕಿನಿಂದ ಏನು ಬರೆಸಿಕೊಳ್ಳಬೇಕು

ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ. ಎರಡು ಪ್ರತಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಬಾಯಲ್ಲಿ ಕೇಳಿದರೆ 'ಹೆಡ್ ಆಫೀಸಿಂದ ಆಗಿದೆ' ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ.

ಅರ್ಜಿಯಲ್ಲಿ ಕೇಳಬೇಕಾದ್ದು ಇಷ್ಟು: ದೂರಿನ ಸ್ವೀಕೃತಿ ಸಂಖ್ಯೆ, ಅಂದರೆ ಅಕ್ನಾಲೆಜ್‌ಮೆಂಟ್ ನಂಬರ್. ಯಾವ ರಾಜ್ಯ, ಯಾವ ಠಾಣೆ. ತನಿಖಾಧಿಕಾರಿಯ ಇ-ಮೇಲ್. ತಕರಾರಿನ ಜಮೆ ಯಾವ ದಿನದ್ದು, ಎಷ್ಟು, ಅದರ ಯುಟಿಆರ್ ನಂಬರ್, ಅಂದರೆ ಆ ಒಂದು ವ್ಯವಹಾರದ ಗುರುತಿನ ಸಂಖ್ಯೆ, ಏನು. ಕೊನೆಯದು, ಹಾಕಿರುವುದು ಲೀನೋ ಫ್ರೀಜೋ.

ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಲೀನ್ ಅಂದರೆ ಅಷ್ಟು ದುಡ್ಡನ್ನು ಮಾತ್ರ ಹಿಡಿದಿಡುವುದು, ಉಳಿದದ್ದು ನೀವು ಬಳಸಬಹುದು. ಡೆಬಿಟ್ ಫ್ರೀಜ್ ಅಂದರೆ ದುಡ್ಡು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ನಮ್ಮ ಜೋಳದ ವ್ಯಾಪಾರಿಗೆ ಆಗಿದ್ದು ಇದೇ. ಗಿರಾಕಿಗಳು ಸ್ಕ್ಯಾನ್ ಮಾಡುತ್ತಲೇ ಇದ್ದರು, ಸೌಂಡ್ ಬಾಕ್ಸ್ 'ಹಣ ಬಂದಿದೆ' ಎನ್ನುತ್ತಲೇ ಇತ್ತು, ಇವರ ದುಡ್ಡು ಬಾವಿಗೆ ಬೀಳುತ್ತಿತ್ತು. ನಾಲ್ಕು ದಿನ ಆ ಸ್ಟಿಕ್ಕರ್ ಕಿತ್ತು ಹಾಕಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಶಾಖೆಯವರು ವಿವರ ಕೊಡದಿದ್ದರೆ ಬ್ಯಾಂಕಿನ ನೋಡಲ್ ಅಧಿಕಾರಿಗೆ, ಅಂದರೆ ದೂರು ನೋಡಿಕೊಳ್ಳಲು ಬ್ಯಾಂಕೇ ನೇಮಿಸಿದವರಿಗೆ, ಮೇಲ್ ಮಾಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಒಂದು ಮಾತು ನೆನಪಿರಲಿ: ಬ್ಯಾಂಕ್ ಉತ್ತರ ಕೊಡಲಿಲ್ಲ ಎಂಬ ತಕರಾರನ್ನು ಅವರು ನೋಡುತ್ತಾರೆ, ಪೊಲೀಸರು ಹಾಕಿಸಿದ ಫ್ರೀಜು ತೆಗೆಸಿಕೊಡುವುದಿಲ್ಲ.

ತನಿಖಾಧಿಕಾರಿಗೆ ಪತ್ರ: ಎಲ್ಲರೂ ಎಡವುವುದು ಇಲ್ಲಿ

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಪತ್ರ ದಯವಿಟ್ಟು ಬಳಸಬೇಡಿ. ಜೆರಾಕ್ಸ್ ಅಂಗಡಿಯಲ್ಲಿ 500 ರೂಪಾಯಿಗೆ ಸಿಗುವ ಲೀಗಲ್ ನೋಟಿಸೂ ಬೇಡ. ಮೂರು ಪುಟ ಸಂವಿಧಾನದ ವಿಧಿಗಳು, ಕೊನೆಗೆ 'ನಷ್ಟ ಪರಿಹಾರ 10 ಲಕ್ಷ'. ನೂರಾರು ದೂರು ನೋಡುವ ಸಬ್‌ ಇನ್‌ಸ್ಪೆಕ್ಟರ್ ಅದನ್ನು ಓದುತ್ತಾರಾ?

ಒಂದೇ ಪುಟ ಸಾಕು, ಇಂಗ್ಲಿಷಿನಲ್ಲಿ. ಠಾಣೆ ಉತ್ತರ ಭಾರತದ್ದಾದರೆ ಹಿಂದಿಯಲ್ಲೂ ಒಂದು ಪ್ರತಿ ಇರಲಿ. ಜೋಳದ ವ್ಯಾಪಾರಿಗೆ ನಾನು ಬರೆದುಕೊಟ್ಟ ಪತ್ರದ ಜೀವಾಳ ಹೀಗಿತ್ತು:

"ಈ ತಾರೀಖಿನಂದು 4,800 ರೂಪಾಯಿ ನನ್ನ ಖಾತೆಗೆ ಬಂದಿರುವುದು ನಿಜ. ಅದು 2 ಕ್ವಿಂಟಲ್ ಮೆಕ್ಕೆಜೋಳ ಮಾರಿದ ಹಣ. ಬಿಲ್ ಲಗತ್ತಿಸಿದ್ದೇನೆ. ಕೊಂಡವರ ಪರಿಚಯ ನನಗಿಲ್ಲ. ತನಿಖೆಗೆ ಬೇಕಾದ ಮಾಹಿತಿ ಕೊಡಲು ಸಿದ್ಧನಿದ್ದೇನೆ. 4,800 ರೂಪಾಯಿ ಹಿಡಿದಿಟ್ಟುಕೊಂಡು ಉಳಿದ ಹಣದ ಮೇಲಿನ ತಡೆ ತೆಗೆಯಲು ಬ್ಯಾಂಕಿಗೆ ಸೂಚಿಸಬೇಕೆಂದು ಕೋರುತ್ತೇನೆ."

ಮೊದಲ ವಾಕ್ಯ ನೋಡಿ. ದುಡ್ಡು ಬಂದಿದ್ದನ್ನು ಒಪ್ಪಿಕೊಳ್ಳಲೇಬೇಕು. ಸ್ಟೇಟ್‌ಮೆಂಟಿನಲ್ಲಿ ಅದು ಕೂತಿರುವಾಗ 'ನನಗೆ ಗೊತ್ತೇ ಇಲ್ಲ' ಎಂದರೆ ಸಾಚಾ ಮನುಷ್ಯನ ಮೇಲೂ ಅನುಮಾನ ಹುಟ್ಟುತ್ತದೆ. ನಮ್ಮ ವ್ಯಾಪಾರಿ ಹಾಗೆ ಬರೆದಿದ್ದಕ್ಕೆ 'ಗಾಬರಿಯಲ್ಲಿ ತಪ್ಪು ಬರೆದೆ' ಎಂದು ಇನ್ನೊಂದು ಸಾಲು ಸೇರಿಸಬೇಕಾಯಿತು. ಕೊನೆಯ ವಾಕ್ಯವೂ ಮುಖ್ಯ. 'ಪೂರ್ತಿ ಬಿಟ್ಟುಬಿಡಿ' ಅಂದರೆ ಅಧಿಕಾರಿ ಹಿಂದೇಟು ಹಾಕುತ್ತಾರೆ. 'ತಕರಾರಿನದ್ದು ಇಟ್ಟುಕೊಳ್ಳಿ, ಮಿಕ್ಕಿದ್ದು ಬಿಡಿ' ಅಂದರೆ ಒಪ್ಪುವುದು ಸುಲಭ. ಸಣ್ಣ ಮೊತ್ತಕ್ಕೆ ಇಡೀ ಖಾತೆ ಕಟ್ಟಿಹಾಕುವುದನ್ನು ಕೇರಳ, ಮದ್ರಾಸ್, ದೆಹಲಿ ಹೈಕೋರ್ಟುಗಳು ಒಪ್ಪಿಲ್ಲ. 2024ರಲ್ಲಿ ದೆಹಲಿಯ ಒಂದು ಕೇಸಿನಲ್ಲಿ ಛೋಲೆ ಭಟೂರೆ ಮಾರುವವರೊಬ್ಬರ ಖಾತೆ ಫ್ರೀಜ್ ಆಗಿತ್ತು. ತಕರಾರು ಎಷ್ಟಕ್ಕೆ? 105 ರೂಪಾಯಿಗೆ. ನಮ್ಮೂರಲ್ಲಿ ಮಿರ್ಚಿ ಮಂಡಕ್ಕಿ ಗಾಡಿಯವರಿಗೂ ನಾಳೆ ಇದೇ ಆಗಬಹುದು, ಅಲ್ವಾ?

ಇನ್ನು ದಾಖಲೆ. ಜೋಳದವರ ಪುಣ್ಯ, ಅವರು ಹಳೇ ಕಾಲದ ಮನುಷ್ಯ. ಕಾರ್ಬನ್ ಹಾಳೆ ಇಟ್ಟು ಬರೆಯುವ ಬಿಲ್ ಪುಸ್ತಕ ಇನ್ನೂ ಇಟ್ಟಿದ್ದರು. ನೀಲಿ ಅಕ್ಷರ ಅರ್ಧ ಅಳಿಸಿತ್ತು. ಆದರೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಲಗೇಜ್ ಆಟೋದ ನಂಬರ್ ಗೀಚಿದ್ದರು, 'ಚೀಲ ವಾಪಸ್ ಬರ್ಬೇಕಲ್ಲ ಅದಕ್ಕೆ' ಅಂದರು. ಎರಡು ಖಾಲಿ ಚೀಲದ ಆಸೆಗೆ ಬರೆದ ಆ ನಂಬರ್ ಬಿಲ್ಲಿಗಿಂತ ದೊಡ್ಡ ಸಾಕ್ಷಿಯಾಯಿತು. ನಿಮ್ಮ ಹತ್ತಿರ ಏನಿದೆ ಹುಡುಕಿ: ತೂಕದ ಚೀಟಿ, ಜಿಎಸ್‌ಟಿ ಬಿಲ್ಲು, ಗಿರಾಕಿ ಜೊತೆಗಿನ ಚಾಟ್. ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಆ ದಿನದ ವಿಡಿಯೊ ಇವತ್ತೇ ತೆಗೆದಿಡಿ. ಹಳೇದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ.

ಬಿಲ್ ಇಲ್ಲವೇ? ಇಲ್ಲ ಅಂತಲೇ ಬರೆಯಿರಿ. ಈಗ ಕೂತು ಹಳೇ ತಾರೀಖಿನ ಬಿಲ್ ಸೃಷ್ಟಿಸಬೇಡಿ. ಅದು ಬೇರೆಯದೇ ಕೇಸು.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿ. ಮೊಬೈಲಲ್ಲಿ ಹೊಡೆದ ಫೋಟೊಗಳನ್ನು ಹಾಗೇ ಕಳಿಸಬೇಡಿ, ಆಧಾರ್ ಮೇಲೆ ಅರ್ಧ ಹೆಬ್ಬೆರಳೇ ಇರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನದ್ದೇ ಪಿಡಿಎಫ್ ಇರಲಿ, ತಕರಾರಿನ ಸಾಲಿಗೆ ಗುರುತು ಹಾಕಿ. ಮೇಲ್‌ನ ವಿಷಯದ ಸಾಲಿನಲ್ಲಿ ಮೊದಲು ಸ್ವೀಕೃತಿ ಸಂಖ್ಯೆ, ಆಮೇಲೆ ಖಾತೆ ಸಂಖ್ಯೆ. ಅಲ್ಲಿ ಕಥೆ ಬೇಡ. ಬ್ಯಾಂಕಿನ ನೋಡಲ್ ಅಧಿಕಾರಿಗೂ ಪ್ರತಿ ಹೋಗಲಿ. ಠಾಣೆಯ ಮೇಲ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ರಾಜ್ಯವಾರು ನೋಡಲ್ ಅಧಿಕಾರಿಗಳ ಮತ್ತು ಕುಂದುಕೊರತೆ ಅಧಿಕಾರಿಗಳ ಪಟ್ಟಿ ಇದೆ. ಗೂಗಲ್‌ನಲ್ಲಿ ನಂಬರ್ ಹುಡುಕಬೇಡಿ, ಅಲ್ಲಿ ಇನ್ನೊಬ್ಬ ಕಳ್ಳ ಕಾಯುತ್ತಿರುತ್ತಾನೆ.

ಮೇಲ್ ನಿಮ್ಮದೇ ವಿಳಾಸದಿಂದ ಹೋಗಲಿ. ಚಿತ್ರದುರ್ಗದ ಒಬ್ಬರು ಸೈಬರ್ ಸೆಂಟರಿನವರ ಮೇಲ್‌ನಿಂದ ಕಳಿಸಿದ್ದರು. ಎರಡೇ ದಿನದಲ್ಲಿ ಠಾಣೆಯಿಂದ ಉತ್ತರ ಬಂದಿತ್ತು, ಇನ್ನೊಂದು ದಾಖಲೆ ಕೇಳಿ. ಸೆಂಟರಿನ ಹುಡುಗ ಅದನ್ನು ನೋಡಿದ್ದು ಹನ್ನೆರಡು ದಿನ ಆದ ಮೇಲೆ.

ಬೆನ್ನು ಬೀಳುವುದು

ವಾರಕ್ಕೊಮ್ಮೆ ಅದೇ ಮೇಲ್‌ಗೆ ಕೆಳಗೆ ಎರಡು ಸಾಲು ಬರೆದು ನೆನಪಿಸಿ. ಪ್ರತಿ ಸಲ ಹೊಸ ಮೇಲ್ ಬೇಡ. ಫೋನ್ ಮಾಡಿದರೆ ಮಾತಾಡಿದವರ ಹೆಸರು, ತಾರೀಖು ಬರೆದಿಡಿ. ಅಧಿಕಾರಿಗೆ ವರ್ಗ ಆಗಿರಬಹುದು. ಫ್ರೀಜ್ ತೆಗೆಯುವ ಆದೇಶ ಪೊಲೀಸರ ಅಧಿಕೃತ ಮೇಲ್‌ನಿಂದ ನೇರ ಬ್ಯಾಂಕಿಗೆ ಹೋಗಬೇಕು. ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದ ಫೋಟೊ ನೋಡಿ ಯಾವ ಬ್ಯಾಂಕೂ ತೆಗೆಯುವುದಿಲ್ಲ.

ನಡುವೆ ಒಂದು ಫೋನ್ ಬರಬಹುದು. "ಆ ದುಡ್ಡು ನನ್ನದು, ವಾಪಸ್ ಹಾಕಿ, ಕೇಸು ತಗೊಂಡ್‌ಬಿಡ್ತೀನಿ." ಹಾಕಬೇಡಿ. ಅವನೇ ದೂರುದಾರ ಅಂತ ಏನು ಗ್ಯಾರಂಟಿ? ನಿಜವಾಗಿ ವಾಪಸ್ ಕೊಡುವುದಿದ್ದರೆ ತನಿಖಾಧಿಕಾರಿ ಬರೆದು ತಿಳಿಸಲಿ, ಹಿಡಿದಿಟ್ಟ ದುಡ್ಡಿನಿಂದಲೇ ಹೋಗಲಿ. ವಿಡಿಯೊ ಕಾಲ್‌ನಲ್ಲಿ ಯೂನಿಫಾರ್ಮ್ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದರೆ ಕಟ್ ಮಾಡಿ, ಅಂಥದ್ದೊಂದು ಕಾನೂನಿನಲ್ಲಿ ಇಲ್ಲ. ಆದರೆ ಬರಹದಲ್ಲಿ ಹಾಜರಾಗಲು ನೋಟಿಸ್ ಬಂದರೆ ಡ್ರಾಯರ್‌ಗೆ ಹಾಕಿ ಕೂರಬೇಡಿ. ಜಿಲ್ಲೆಯ ಸಿಇಎನ್ ಠಾಣೆಯಲ್ಲಿ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಪೊಲೀಸ್ ಠಾಣೆ) ತೋರಿಸಿ, ನಿಜವೋ ಸುಳ್ಳೋ ಕೇಳಿ, ವಕೀಲರನ್ನು ಕಾಣಿ. ಬೇರೆ ರಾಜ್ಯದವರು ಹಾಕಿಸಿದ ಫ್ರೀಜನ್ನು ನಮ್ಮ ಸಿಇಎನ್‌ನವರು ತೆಗೆಯಲಾರರು.

ಕಮಿಷನ್ ಆಸೆಗೆ ಖಾತೆಯನ್ನೇ ಬಾಡಿಗೆಗೆ ಕೊಟ್ಟಿದ್ದರೆ ನನ್ನ ಪತ್ರ ನಿಮಗಲ್ಲ. ನೇರ ವಕೀಲರ ಹತ್ತಿರ ಹೋಗಿ. ಕಾಲೇಜು ಹುಡುಗರು ಇದರಲ್ಲಿ ಸಿಕ್ಕಿಬೀಳುತ್ತಿದ್ದಾರೆ, ಅದಕ್ಕೇ ಹೇಳಿದೆ.

ಉತ್ತರ ಬರದಿದ್ದರೆ

ನಾನು ಒಂದು ತಿಂಗಳು ಕಾಯಿರಿ ಅನ್ನುತ್ತೇನೆ, ಅದಕ್ಕಿಂತ ಜಾಸ್ತಿ ಬೇಡ. ಪೊಲೀಸರು ಖಾತೆ ತಡೆಯುವುದು ಬಿಎನ್‌ಎಸ್‌ಎಸ್, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಅಡಿ, ಇದಕ್ಕೆ ಮುಂಚೆ ಇದ್ದ ಸಿಆರ್‌ಪಿಸಿ ಕಾನೂನಿನ 102. ತಡೆದದ್ದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಅಂತ ಅದರಲ್ಲೇ ಇದೆ. ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅದೇ ಬಿಎನ್‌ಎಸ್‌ಎಸ್‌ನ 503ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು, ಇಲ್ಲವೇ ಹೈಕೋರ್ಟಿಗೆ ರಿಟ್ ಅರ್ಜಿ. ವಕೀಲರ ಫೀಜು ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ.

ಅಲ್ಲಿಯವರೆಗೆ ಸಂಸಾರ ನಡೆಯಬೇಕಲ್ಲ

ಬೇರೆ ಬ್ಯಾಂಕಿನಲ್ಲಿ ನಿಮ್ಮದೇ ಹೆಸರಿನ ಖಾತೆ ತೆರೆಯಿರಿ. ವ್ಯಾಪಾರದ ದುಡ್ಡನ್ನು ಹೆಂಡತಿ ಖಾತೆಗೆ ತಿರುಗಿಸಬೇಡಿ, ಆಮೇಲೆ ಅದಕ್ಕೂ ಉತ್ತರ ಹೇಳಬೇಕಾದೀತು. ಕಂತು ಕಟ್ಟುವ ಖಾತೆ ಇದೇ ಆಗಿದ್ದರೆ ಸಾಲ ಕೊಟ್ಟವರಿಗೆ ಮೊದಲೇ ಪತ್ರ ಕೊಡಿ. ಗೃಹಲಕ್ಷ್ಮಿ, ಪಿಎಂ ಕಿಸಾನ್ ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಹೋಗುತ್ತದೆ. ಫ್ರೀಜ್ ಆಗಿದ್ದೂ ಅದೇ ಖಾತೆ ಆಗಿದ್ದರೆ, ಹೊಸ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಫಾರಂ ತುಂಬಿ ಬದಲಿಸಿಕೊಳ್ಳಿ. ನನ್ನ ಕೇಳಿದರೆ ಎಲ್ಲ ಸರಿ ಇರುವಾಗಲೇ ಕ್ಯೂಆರ್‌ಗೆ ಒಂದು ಖಾತೆ, ಉಳಿತಾಯಕ್ಕೆ ಇನ್ನೊಂದು ಇಟ್ಟುಕೊಳ್ಳಬೇಕು. ಸಂಜೆ ಅಂಗಡಿ ಮುಚ್ಚುವಾಗ ಮೊದಲನೆಯದನ್ನು ಖಾಲಿ ಮಾಡಿ.

ಜೋಳದವರ ಖಾತೆ ಐದನೇ ವಾರ ಬಿಟ್ಟಿತು, 4,800 ಬಿಟ್ಟು. ಏಜೆಂಟನ 5,000 ಬರಲೇ ಇಲ್ಲ. ಬ್ಯಾಂಕಿನಿಂದ ಮೆಸೇಜ್ ಬಂದಾಗ ಅವರು ನನ್ನ ಆಫೀಸಿನಲ್ಲೇ ಇದ್ದರು. ಕೆಳಗಿನ ಚಹಾದಂಗಡಿಗೆ ಇಳಿದು 20 ರೂಪಾಯಿ ಸ್ಕ್ಯಾನ್ ಮಾಡಿದರು. ಹೋಗಲಿಲ್ಲ. ವಾಪಸ್ ಬ್ಯಾಂಕಿಗೆ ಹೋಗಿ ಕೇಳಿದರೆ ಅದೇ ಖಾತೆ ಮೇಲೆ ಬೇರೆ ರಾಜ್ಯದ ಇನ್ನೊಂದು ದೂರು ಇತ್ತು, 600 ರೂಪಾಯಿಯದ್ದು. ಮೊದಲ ಅರ್ಜಿಯಲ್ಲೇ 'ನನ್ನ ಖಾತೆ ಮೇಲಿರುವ ಎಲ್ಲ ದೂರುಗಳ ವಿವರ ಕೊಡಿ' ಎಂದು ನಾನು ಬರೆಸಿರಲಿಲ್ಲ. ನೀವು ಬರೆಯಿರಿ.